ದೊಡ್ಡಪ್ಪನ ಮನೆಯ ಹಲಸಿನ ಮರ ನಮ್ಮ ಮಾಡಿನ ಮೇಲೆ ಬಿದ್ದಿದೆ, ಮೊದಲು ಏನು ಮಾಡಬೇಕು?

ಜಗಲಿಕಟ್ಟೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲೂಕಿನ ಒಂದು ಸಣ್ಣ ಊರು. ಮೊನ್ನೆ ಭಾನುವಾರ ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆವು. ಗುಡುಗು ಜಾಸ್ತಿ ಇರಲಿಲ್ಲ, ಬರೀ ಗಾಳಿ. ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಹಳೇ ಬಟ್ಟೆ ಹರಿದ ಹಾಗೆ ಒಂದು ಸದ್ದು. ಬೇರು ಕಿತ್ತು ಬರುವ ಸದ್ದು ಅಂತ ಆಮೇಲೆ ಗೊತ್ತಾಯಿತು. ಏನು ಅಂತ ಕೇಳುವಷ್ಟರಲ್ಲಿ ಇಡೀ ಮನೆ ಅದುರಿತು. ಟಾರ್ಚ್ ಹಿಡಿದು ಒಳಗೆ ಹೋದರೆ ಅಡುಗೆಮನೆಯಲ್ಲಿ ನಿಂತು ಆಕಾಶ ನೋಡಬಹುದಿತ್ತು. ಒಲೆ ಕಟ್ಟೆಯ ಮೇಲೆ ಒಂದು ಹಲಸಿನ ಹಣ್ಣು ಬಿದ್ದು ಒಡೆದಿತ್ತು. ತೊಳೆ, ಹಂಚಿನ ಚೂರು, ಮಸಿ ಎಲ್ಲ ಒಟ್ಟಿಗೆ ಕಲಸಿಹೋಗಿತ್ತು. ಅಮ್ಮ ಆಗಷ್ಟೇ ಹಾಲಿಗೆ ಹೆಪ್ಪು ಹಾಕಿ ಹೊರಗೆ ಬಂದಿದ್ದರು. ಯಾರಿಗೂ ಏನೂ ಆಗಿಲ್ಲ, ಅದೊಂದು ಪುಣ್ಯ.

ಮರ ಇನ್ನೂ ಮಾಡಿನ ಮೇಲೇ ಇದೆ. ಬುಡ ಪೂರ್ತಿ ಕಿತ್ತು ಎದ್ದು ನಿಂತಿದೆ. ದಿಂಡು ಜಂಬಿಟ್ಟಿಗೆ ಗೋಡೆಯ ಮೇಲೆ ಕೂತಿದೆ. ಸುಮಾರು ಎರಡು ಚದರದಷ್ಟು (ಇನ್ನೂರು ಚದರಡಿ) ಹಂಚು ಪುಡಿ. ಹಂಚು ಹೊರುವ ಇಳಿಜಾರು ಮರ, ಅಂದರೆ ಪಕಾಸು, ಏಳು ಮುರಿದಿದೆ. ಮನೆಗೆ ಬರುವ ಕರೆಂಟಿನ ತಂತಿ ಕೊಂಬೆಯ ಅಡಿಗೆ ಸಿಕ್ಕಿಕೊಂಡಿದೆ.

ಮರ ದೊಡ್ಡಪ್ಪನ ಮಗನ ಪಾಲಿನ ಜಾಗದ್ದು. ನೆಟ್ಟವರು ಮಾತ್ರ ಅಜ್ಜ, ಪಾಲಾಗುವ ಮುಂಚೆ. ಹೋದ ವರ್ಷ ಆ ಅಣ್ಣ ಅಡಿಕೆ ಒಣಗಿಸುವ ಅಂಗಳ ದೊಡ್ಡದು ಮಾಡಲು ಜೆಸಿಬಿ ತರಿಸಿದಾಗ ಆ ಕಡೆಯ ಬೇರೆಲ್ಲ ಕಡಿದುಹೋಗಿತ್ತು. "ಅಣ್ಣಾ, ಈ ಮರ ನಿಲ್ಲಲ್ಲ, ಕೊಂಬೆಯಾದರೂ ಇಳಿಸು" ಅಂತ ಎರಡು ಸಲ ಹೇಳಿದ್ದೆ. ಬಾಯಲ್ಲಿ ಹೇಳಿದ್ದು, ಅಷ್ಟೇ. ಈಗ ಅವನು ಬಂದು ನೋಡಿ, "ಗಾಳಿಗೆ ಬಿದ್ದದ್ದಕ್ಕೆ ನಾನೇನು ಮಾಡಲಿ, ಆದ್ರೆ ನಾಟಾ ನಮ್ಮದು, ತಗೊಂಡು ಹೋಗ್ತೇನೆ" ಅಂದ. ಬೇರೆ ಯಾವ ತಕರಾರೂ ಇಲ್ಲ ಅಂತ ನಾನೊಂದು ಚೀಟಿ ಬರೆದುಕೊಡಬೇಕಂತೆ.

ಅಮ್ಮ ಮಾಡಿಗಿಂತ ಮರಕ್ಕೇ ಜಾಸ್ತಿ ಅತ್ತರು. ಮೂವತ್ತು ವರ್ಷದಿಂದ ಹಪ್ಪಳ ಮಾಡಿದ್ದು ಆ ಮರದ ಕಾಯಲ್ಲಿ. ಹಾಗಾಗಿ ಅಣ್ಣನ ಜೊತೆ ಜಗಳ ಮಾಡು ಅಂತಲೂ ಹೇಳುವುದಿಲ್ಲ, ಬಿಡು ಅಂತಲೂ ಹೇಳುವುದಿಲ್ಲ.

ರೋಹಿಣಿ ಮಳೆ ಶುರುವಾಗಿದೆ. ಮೃಗಶಿರಾ ಹಿಡಿಯುವ ಮೊದಲು ಮಾಡು ಆಗಬೇಕು. ಯಾವುದು ಮೊದಲು, ಯಾವುದು ಆಮೇಲೆ ಅಂತಲೇ ತಲೆಗೆ ಹೋಗುತ್ತಿಲ್ಲ. ಗೊತ್ತಿದ್ದವರು ಹೇಳಿ.

ಗರಗಸ:

ಕೊಪ್ಪದ ಕಡೆ ಇಪ್ಪತ್ತು ವರ್ಷದಿಂದ ಮರ ಕಡಿಸುವ ಕೆಲಸ ಮಾಡುತ್ತಿದ್ದೇನೆ. ಮೊದಲು ತಂತಿ. ಕರೆಂಟಿಲ್ಲ ಅಂತ ಯಾರೂ ಕೊಂಬೆ ಮುಟ್ಟಬೇಡಿ. ಹೋದ ಕರೆಂಟು ಯಾವಾಗ ಬೇಕಾದರೂ ಬರುತ್ತದೆ. 1912ಕ್ಕೆ ಫೋನ್ ಮಾಡಿ ಹೇಳಿ, ಲೈನ್‌ಮನ್ ಬಂದು ತಂತಿ ಬಿಡಿಸಿದ ಮೇಲೆ ಕೆಲಸ ಶುರು ಮಾಡಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ, ಅದು ಎಲ್ಲರಿಗೂ ಮರೆತುಹೋಗುತ್ತದೆ.

ಎರಡನೆಯದು ಆ ಎದ್ದು ನಿಂತ ಬುಡ. ಮಕ್ಕಳಿದ್ದರೆ ಆ ಗುಂಡಿಯ ಹತ್ತಿರ ಬಿಡಬೇಡಿ, ದನವನ್ನೂ ಕಟ್ಟಬೇಡಿ. ದಿಂಡಿನ ಭಾರ ಇರುವುದರಿಂದ ಅದು ಹಾಗೆ ನಿಂತಿದೆ. ದಿಂಡು ಕತ್ತರಿಸಿದ ಕೂಡಲೇ ಬುಡ ಮಣ್ಣಿನ ಸಮೇತ ವಾಪಸ್ ಗುಂಡಿಗೆ ಕೂರುತ್ತದೆ. ಒಂದು ಕ್ಷಣದ ಕೆಲಸ. ಗುಂಡಿಯಲ್ಲಿ ಇದ್ದವರಿಗೆ ಓಡುವುದಕ್ಕೂ ಆಗುವುದಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ, ಅದೃಷ್ಟಕ್ಕೆ ಗುಂಡಿಯಲ್ಲಿ ಇದ್ದದ್ದು ಒಂದು ಕೊಡಪಾನ.

ಜೆಸಿಬಿ ತಂದು ಎಳೆಸುತ್ತೇನೆ ಅಂತ ಹೊರಡಬೇಡಿ. ಎಳೆದರೆ ಮರದ ಜೊತೆ ಗೋಡೆಯೂ ಬರುತ್ತದೆ. ಮೊದಲು ಒಳಗಿನಿಂದ ಗೋಡೆಗೆ, ತೊಲೆಗೆ ಊರುಗೋಲು ಕೊಡಿ. ಆಮೇಲೆ ತುದಿಯಿಂದ ಸಣ್ಣ ಕೊಂಬೆ, ದೊಡ್ಡ ಕೊಂಬೆ ಅಂತ ಇಳಿಸುತ್ತಾ ಬನ್ನಿ. ಕೊನೆಗೆ ದಿಂಡನ್ನು ತುಂಡು ಮಾಡಿ ಹಗ್ಗ ಕಟ್ಟಿ ಇಳಿಸಬೇಕು. ರಸ್ತೆ ಇದ್ದರೆ ಕ್ರೇನ್ ಒಳ್ಳೆಯದು, ದುಡ್ಡು ಜಾಸ್ತಿ ಆದರೂ ಗೋಡೆ ಉಳಿಯುತ್ತದೆ. ಕಡಿಯುವವರನ್ನು ಕರೆಯುವಾಗ ಹಲಸು ಅಂತ ಮೊದಲೇ ಹೇಳಿ. ಮೇಣ ಮೆಷಿನ್ನಿನ ಚೈನಿಗೆ ಹಿಡಿದು ಅರ್ಧ ದಿನ ಹಾಳು ಮಾಡುತ್ತದೆ.

ನಿವೃತ್ತ ವಿಮೆ:

ಮೇಲಿನವರು ಹೇಳಿದ್ದು ಸರಿ. ಆದರೆ ಒಂದು ಕೊಂಬೆ ಕಡಿಯುವ ಮೊದಲೂ ಫೋಟೋ ತೆಗೆಯಿರಿ. ದೂರದಿಂದ ಮನೆ ಮತ್ತು ಮರ ಎರಡೂ ಬರುವಂತೆ, ಹತ್ತಿರದಿಂದ ಮುರಿದ ಪಕಾಸು, ಒಳಗಿನಿಂದ ಆಕಾಶ ಕಾಣುವ ಜಾಗ, ಹಾಳಾದ ಮಿಕ್ಸಿ, ಫ್ರಿಡ್ಜ್. ಕಿತ್ತ ಬುಡದ್ದೂ ಬೇಕು, ಜೆಸಿಬಿ ಬೇರು ಕಡಿದ ಕಡೆ ಕಾಣುವಂತೆ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಮ್ಮ ಮನೆಗೆ ವಿಮೆ ಇದೆಯಾ? ಇಲ್ಲ ಅಂತ ಥಟ್ಟನೆ ಹೇಳಬೇಡಿ. ಮನೆ ರಿಪೇರಿಗೆ ಬ್ಯಾಂಕಿನಲ್ಲಿ ಸಾಲ ಮಾಡಿದ್ದರೆ ಪಾಸ್‌ಬುಕ್ ತೆಗೆದು, ವರ್ಷಕ್ಕೊಮ್ಮೆ ಒಂದು ಸಣ್ಣ ಮೊತ್ತ ಕಡಿತ ಆಗಿದೆಯಾ ನೋಡಿ. ಎಷ್ಟೋ ಜನರಿಗೆ ತಮ್ಮ ಮನೆಗೆ ಪಾಲಿಸಿ ಇರುವುದೇ ಗೊತ್ತಿರುವುದಿಲ್ಲ. ನಾನು ಕೆಲಸದಲ್ಲಿದ್ದಾಗ ದಿನಾ ನೋಡುತ್ತಿದ್ದ ಸಂಗತಿ ಇದು.

2021ರ ಏಪ್ರಿಲ್ 1ರಿಂದ ಮನೆಗಳಿಗೆ ಭಾರತ್ ಗೃಹ ರಕ್ಷಾ ಅನ್ನುವ ಒಂದೇ ಮಾದರಿಯ ಪಾಲಿಸಿ ಬಂದಿದೆ. ಯಾವ ಕಂಪನಿಯದಾದರೂ ಮೂಲ ಷರತ್ತು ಒಂದೇ. ಬಿರುಗಾಳಿಯ ನಷ್ಟ ಅದರಲ್ಲಿ ಸೇರಿದೆ. ಹೊರಗಿನ ವಸ್ತು ಬಡಿದು ಆದ ನಷ್ಟವೂ ಸೇರಿದೆ, ಅಲ್ಲಿ ಬೀಳುವ ಮರ ಅಂತಲೇ ಬರೆದಿದೆ. ಅವಶೇಷ ತೆಗೆಸುವ ಖರ್ಚು ಕ್ಲೇಮಿನ ಶೇಕಡಾ 2ರವರೆಗೆ ಸಿಗುತ್ತದೆ. ಅಂದರೆ ಮರ ಇಳಿಸುವ ಖರ್ಚು ಪೂರ್ತಿ ಬರುವುದಿಲ್ಲ, ಅದನ್ನು ಈಗಲೇ ತಿಳಿದುಕೊಂಡರೆ ಆಮೇಲೆ ಬೇಜಾರಾಗುವುದಿಲ್ಲ. ಪಾಲಿಸಿ ಸಿಕ್ಕಿದ ದಿನವೇ ಕಂಪನಿಗೆ ತಿಳಿಸಿ. ನಷ್ಟ ಅಂದಾಜು ಮಾಡುವ ಅವರ ಸರ್ವೇಯರ್ ಬರುವವರೆಗೆ ಮಳೆಯಲ್ಲಿ ನೆನೆಯುತ್ತಾ ಕೂರಬೇಕಿಲ್ಲ, ಟಾರ್ಪಾಲು ಹಾಕಿ. ನಷ್ಟ ಹೆಚ್ಚಾಗದ ಹಾಗೆ ನೋಡಿಕೊಳ್ಳುವುದು ನಿಮ್ಮ ಕರ್ತವ್ಯ ಅಂತಲೇ ಲೆಕ್ಕ. ಒಡೆದ ಹಂಚು, ಮುರಿದ ಪಕಾಸು ಮಾತ್ರ ಎಸೆಯದೆ ಒಂದು ಮೂಲೆಯಲ್ಲಿ ರಾಶಿ ಹಾಕಿಡಿ.

ಇನ್ನು ಆ ಚೀಟಿ. ದಯವಿಟ್ಟು ಬರೆದುಕೊಡಬೇಡಿ. ಬರೀ ಗಾಳಿಗೆ ಬಿದ್ದ ಮರಕ್ಕೆ ಯಜಮಾನನನ್ನು ಹಿಡಿಯುವುದು ಕಷ್ಟ. ಬೀಳುತ್ತದೆ ಅಂತ ಗೊತ್ತಿದ್ದೂ ಸುಮ್ಮನಿದ್ದ ಅಂತ ತೋರಿಸಿದರೆ ಮಾತು ಬೇರೆ. ಆ ಬೇರಿನ ಫೋಟೋ ಅದಕ್ಕೇ. ವಿಮೆ ಹಣ ಕೊಟ್ಟ ಮೇಲೆ, ತಪ್ಪು ಮಾಡಿದವರಿಂದ ವಸೂಲಿ ಮಾಡುವ ಹಕ್ಕು ಕಂಪನಿಗೆ ಹೋಗುತ್ತದೆ. ಆ ಹಕ್ಕನ್ನು ನೀವು ಮೊದಲೇ ಚೀಟಿಯಲ್ಲಿ ಬಿಟ್ಟುಕೊಟ್ಟಿದ್ದರೆ ನಿಮ್ಮ ಕ್ಲೇಮಿಗೇ ತೊಡಕು.

ಸುಳ್ಯದವಳು:

ನಮ್ಮ ಮನೆ ಮೇಲೂ ಮೂರು ವರ್ಷದ ಹಿಂದೆ ಅಕೇಶಿಯಾ ಬಿದ್ದಿತ್ತು ಮಾರಾಯ್ರೆ, ಹಾಗಾಗಿ ಬರೆಯುತ್ತಿದ್ದೇನೆ.

ಸರ್ಕಾರದ ಪರಿಹಾರಕ್ಕೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಮೊದಲು ನಿಮ್ಮ ಗ್ರಾಮ ಆಡಳಿತ ಅಧಿಕಾರಿಗೆ ಫೋನ್ ಮಾಡಿ, ನಾವೆಲ್ಲ ಇನ್ನೂ ವಿಎ ಅಂತಲೇ ಕರೆಯುವುದು. ಅವರು ಬಂದು ಮಹಜರು ಮಾಡಬೇಕು. ಮರ ತೆಗೆದು, ಹಂಚು ಹೊದಿಸಿ, ಎಲ್ಲ ಚಂದ ಮಾಡಿದ ಮೇಲೆ ಕರೆದರೆ ಏನು ನೋಡುತ್ತಾರೆ? ನಾನು ಮಾಡಿದ ತಪ್ಪು ಅದೇ. ಆಧಾರ್, ಪಾಸ್‌ಬುಕ್, ಮನೆಯ ದಾಖಲೆ, ಫೋಟೋ ಎಲ್ಲದರ ಎರಡೆರಡು ಪ್ರತಿ ಇಟ್ಟುಕೊಳ್ಳಿ. ಅರ್ಜಿ ಕೊಟ್ಟದ್ದಕ್ಕೆ ಸೀಲು ಹಾಕಿದ ಪ್ರತಿ ತೆಗೆದುಕೊಳ್ಳದೆ ಹೊರಗೆ ಬರಬೇಡಿ.

ದೊಡ್ಡ ಆಸೆ ಬೇಡ. ವಿಪತ್ತು ಪರಿಹಾರ ನಿಧಿಯ 2022ರ ನಿಯಮದಲ್ಲಿ ಪಕ್ಕಾ ಮನೆಗೆ ಭಾಗಶಃ ಹಾನಿಯಾದರೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಅದೂ ಹಾನಿ ಶೇಕಡಾ 15ಕ್ಕಿಂತ ಕಡಿಮೆ ಇರಬಾರದು. ಅದಕ್ಕೇ ಮಹಜರಿನಲ್ಲಿ ಏನು ಬರೆಯುತ್ತಾರೆ ಅಂತ ಪಕ್ಕದಲ್ಲಿ ನಿಂತು ಓದಿ. ನಮ್ಮದರಲ್ಲಿ "ಕೆಲವು ಹಂಚು" ಅಂತ ಬರೆದಿದ್ದರು. ನಾನು ಪುಡಿಯಾದ ಹಂಚು ಎಣಿಸಿ, ಅಷ್ಟನ್ನೂ ಬರೆಸಿದೆ.

ಟಾರ್ಪಾಲು ಹಾಕುವಾಗ ತೂತಿನ ಮೇಲೆ ಮಾತ್ರ ಹಾಸಿದರೆ ನೀರು ಅದರ ಅಡಿಗೇ ನುಗ್ಗುತ್ತದೆ. ಮಾಡಿನ ನೆತ್ತಿ ದಾಟಿಸಿ ಆಚೆ ಇಳಿಜಾರಿಗೂ ಸ್ವಲ್ಪ ಹಾಕಿ. ಮೇಲೆ ಕಲ್ಲು ಇಡಬೇಡಿ, ಗಾಳಿಗೆ ಉರುಳಿ ಇನ್ನಷ್ಟು ಹಂಚು ಒಡೆಯುತ್ತದೆ. ಅಡಿಕೆ ದಬ್ಬೆ ಅಡ್ಡ ಇಟ್ಟು ಕಟ್ಟಿ.

ಅಣ್ಣನ ವಿಷಯ. ಹೋಗಿ ಅತ್ತಿಗೆಯ ಹತ್ತಿರ ಮಾತಾಡಿ. ನಗಬೇಡಿ, ನಿಜ.

ಜಗಲಿಕಟ್ಟೆ:

ತುಂಬಾ ಉಪಕಾರ. ಲೈನ್‌ಮನ್ ನಿನ್ನೆಯೇ ಬಂದು ತಂತಿ ಬಿಡಿಸಿದರು. ವಿಎ ಬಂದು ಮಹಜರು ಆಯಿತು. ಎಣಿಸಿದೆ ಅಕ್ಕ, 286 ಹಂಚು. ಅವರೂ ನಕ್ಕು ಬರೆದುಕೊಂಡರು.

ಪಾಸ್‌ಬುಕ್ ನೋಡಿದೆ ಸರ್. ಅಡುಗೆಮನೆ ರಿಪೇರಿಗೆ ಸಾಲ ಮಾಡಿದಾಗಿನಿಂದ ಪ್ರತಿ ಆಗಸ್ಟ್‌ನಲ್ಲಿ ದುಡ್ಡು ಕಡಿತ ಆಗಿದೆ! ಬ್ಯಾಂಕಿನಲ್ಲಿ ಕೇಳಿದರೆ ಪಾಲಿಸಿ ಇದೆ ಅಂದರು. ಪತ್ರ ನಮ್ಮ ಕೈಗೆ ಯಾವತ್ತೂ ಬಂದಿರಲಿಲ್ಲ. ಸರ್ವೇಯರ್ ಶುಕ್ರವಾರ ಬರುತ್ತಾರಂತೆ.

ಇನ್ನೆರಡು ಪ್ರಶ್ನೆ. ಅಣ್ಣ ಈಗ, "ಆ ಹಲಸನ್ನೇ ಕೊಯ್ಸಿ ನಿನ್ನ ಪಕಾಸು, ರೀಪು (ಹಂಚು ಕೂರುವ ಅಡ್ಡಪಟ್ಟಿ) ಮಾಡಿಸಿಕೋ, ಉಳಿದದ್ದು ನನಗೆ" ಅನ್ನುತ್ತಿದ್ದಾನೆ. ಒಪ್ಪಬಹುದಾ? ಮತ್ತೆ ಅದೇ ಅಂಗಳದ ಅಂಚಲ್ಲಿ ಒಂದು ಮಾವಿನ ಮರವೂ ನಮ್ಮ ಕಡೆಗೇ ವಾಲಿದೆ.

ಉಳಿ ಬಾಚಿ:

ಹಸಿ ಹಲಸು ಪಕಾಸಿಗೆ ಬೇಡ. ಹಲಸು ಒಳ್ಳೆ ನಾಟಾ, ಅದರಲ್ಲಿ ಎರಡು ಮಾತಿಲ್ಲ, ಬಾಗಿಲಿಗೆ, ಪೆಟ್ಟಿಗೆಗೆ ಬಂಗಾರ. ಆದರೆ ಮೊನ್ನೆ ಬಿದ್ದ ಮರ ಕೊಯ್ದು ಇವತ್ತು ಮಾಡಿಗೆ ಏರಿಸಿದರೆ ಒಣಗುತ್ತಾ ತಿರುಚಿಕೊಳ್ಳುತ್ತದೆ. ಪಕಾಸು ತಿರುಚಿದರೆ ರೀಪು ಏರುಪೇರಾಗಿ, ಹಂಚಿನ ಮಧ್ಯೆ ಸಂದು ಬೀಳುತ್ತದೆ. ಆಮೇಲೆ ಪ್ರತಿ ಮಳೆಗಾಲ ನನ್ನಂಥವರಿಗೆ ಫೋನ್. ಹಳೇ ಮನೆ ಬಿಚ್ಚಿದ ಪಕಾಸು ಹುಡುಕಿ, ಐವತ್ತು ವರ್ಷ ಒಣಗಿದ ಮರ ಇನ್ನು ಎಲ್ಲಿಗೂ ತಿರುಗುವುದಿಲ್ಲ. ಹಲಸನ್ನು ನೆರಳಲ್ಲಿ ಅಟ್ಟಿ ಹಾಕಿ ಒಣಗಿಸಲಿ. ಅದರ ಬೆಲೆ ಕಟ್ಟಿ, ನಿಮ್ಮ ಪಾಲು ದುಡ್ಡಲ್ಲಿ ಕೇಳಿ. ಮಿಲ್ಲಿಗೆ ಸಾಗಿಸುವ ಮೊದಲು ಅರಣ್ಯ ಕಚೇರಿಯಲ್ಲಿ ವಿಚಾರಿಸಲಿ, ದಾರಿಯಲ್ಲಿ ಗಾಡಿ ನಿಲ್ಲಿಸಿದರೆ ಪೇಚಾಟ.

ಹಂಚಿನ ವಿಷಯ ಯಾರೂ ಹೇಳಲಿಲ್ಲ. ಒಂದು ಹಂಚು ಮಗುಚಿ ನೋಡಿ, ಬೆನ್ನಲ್ಲಿ ಕಾರ್ಖಾನೆ ಹೆಸರು ಅಚ್ಚಾಗಿರುತ್ತದೆ. ಅದೇ ಅಚ್ಚಿನದು ಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆ ಬಂದವು, ಒಂದೊಂದರ ಅಳತೆ ಒಂದೊಂದು. ನೋಡಲು ಎಲ್ಲ ಮಂಗಳೂರು ಹಂಚೇ, ಕೂರಿಸಿದರೆ ತೋಡಿಗೆ ತೋಡು ಸೇರುವುದಿಲ್ಲ. ಸಿಗದಿದ್ದರೆ ಒಂದು ಉಪಾಯ ಇದೆ. ಕೊಟ್ಟಿಗೆ ಮಾಡಿನ ಹಂಚು ಅದೇ ಕಾಲದ್ದಾಗಿದ್ದರೆ ಅದನ್ನು ಮನೆಗೆ ಏರಿಸಿ, ಹೊಸದನ್ನು ಕೊಟ್ಟಿಗೆಗೆ ಹಾಕಿ.

ನಿವೃತ್ತ ವಿಮೆ:

ಮಾವಿನ ಮರದ ಬಗ್ಗೆ ಈ ಸಲ ಬಾಯಲ್ಲಿ ಹೇಳಿ ಬಿಡಬೇಡಿ. ನಾಲ್ಕು ಸಾಲು ಬರೆದು, ಫೋಟೋ ಅಂಟಿಸಿ, ಸ್ಪೀಡ್ ಪೋಸ್ಟ್ ಮಾಡಿ. ಪಕ್ಕದ ಮನೆಗೇ ಪೋಸ್ಟಾ ಅಂತ ಊರವರು ನಗಲಿ. ಅದಕ್ಕೂ ಆಗದಿದ್ದರೆ, ಬಿದ್ದು ಜನರಿಗೆ ಅಪಾಯ ಮಾಡುವಂಥ ಮರ ತೆಗೆಸಲು ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಹಿಂದೆ ಅದು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ, ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152.

ಜಗಲಿಕಟ್ಟೆ:

ಹದಿನೈದು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಮಾಡು ಆಯಿತು. ಮೃಗಶಿರಾ ಹಿಡಿದ ಎರಡನೇ ದಿನಕ್ಕೆ ಕೊನೆಯ ಸಾಲು ಕೂತಿತು. ಕೊಟ್ಟಿಗೆಯ ಹಂಚನ್ನೇ ಏರಿಸಿದೆವು, ಅಚ್ಚು ಒಂದೇ ಇತ್ತು. ಕೊಟ್ಟಿಗೆಗೆ ಈಗ ಸಿಮೆಂಟ್ ಶೀಟು. ದನಕ್ಕೆ ಆ ಮಳೆ ಸದ್ದು ಇನ್ನೂ ಅಭ್ಯಾಸ ಆಗಿಲ್ಲ.

ಸರ್ವೇಯರ್ ಬಂದು ಹೋದರು. ಒಡೆದ ಹಂಚಿನ ರಾಶಿ ನೋಡಿ, ಇಟ್ಟಿದ್ದು ಒಳ್ಳೇದಾಯ್ತು ಅಂದರು. ಹಣ ಇನ್ನೂ ಬಂದಿಲ್ಲ.

ಚೀಟಿ ಬರೆದುಕೊಡಲಿಲ್ಲ. ಅಣ್ಣ ನಾಲ್ಕು ದಿನ ಮಾತು ಬಿಟ್ಟ. ನಾನು ಸುಳ್ಯದ ಅಕ್ಕ ಹೇಳಿದ ಹಾಗೆ ಅತ್ತಿಗೆ ಹತ್ತಿರ ಹೋದೆ. ಅವರು ನನ್ನ ಮಾತು ಪೂರ್ತಿ ಕೇಳಲೂ ಇಲ್ಲ, "ನಂಗೇ ಆ ಅಂಗಳ ಬೇಡಾಗಿತ್ತು" ಅಂದರು. ಮರುದಿನ ಮರ ಇಳಿಸಿದವರ ಕೂಲಿ ಅಣ್ಣನೇ ಕೊಟ್ಟಿದ್ದ, ನನಗೆ ಹೇಳದೆ. ಮಾವಿನ ಮರದ ಎರಡು ದೊಡ್ಡ ಕೊಂಬೆಯೂ ಇಳಿದಿದೆ. ಹಾಗಾಗಿ ಪೋಸ್ಟ್ ಮಾಡಬೇಕಾದ ಆ ಪತ್ರ ಸದ್ಯಕ್ಕೆ ನನ್ನ ಜೇಬಲ್ಲೇ ಇದೆ ಸರ್, ಬೈಯಬೇಡಿ. ಹಲಸಿನ ದಿಂಡು ಮೂರು ತುಂಡಾಗಿ ಎರಡೂ ಮನೆಯ ನಡುವೆ ಬಿದ್ದಿದೆ. ಬೆಲೆ ಕಟ್ಟುವ ಮಾತು ಇನ್ನೂ ಯಾರೂ ಎತ್ತಿಲ್ಲ.

ಉಳಿ ಬಾಚಿ ಅಣ್ಣನಿಗೆ ಒಂದು ಪ್ರಶ್ನೆ. ಅಡುಗೆಮನೆ ಮಾಡು ನಡುಮನೆ ಗೋಡೆಗೆ ಸೇರುವಲ್ಲಿ ಗಾಳಿ ಮಳೆ ಬಂದರೆ ಇನ್ನೂ ತೊಟ್ಟಿಕ್ಕುತ್ತದೆ. ಅಮ್ಮ ಅಲ್ಲೊಂದು ಪಾತ್ರೆ ಇಟ್ಟಿದ್ದಾರೆ. ಅಲ್ಲಿಗೆ ತಗಡು ಹೊಡೆಸಲಾ, ಅಥವಾ ಗಾರೆ ಸಾಕಾ?

ಉಳಿ ಬಾಚಿ:

ಗಾರೆ ಬಿರುಕು ಬಿಡುತ್ತದೆ. ತಗಡೇ ಹೊಡೆಸಿ. ಗೋಡೆಗೆ ಒಂದಿಂಚು ಆಳ ಗೀರು ಹಾಕಿ, ತಗಡಿನ ಅಂಚನ್ನು ಅದರೊಳಗೆ ಮಡಚಿ ಸೇರಿಸಬೇಕು. ಮೇಲಿನಿಂದ ಸುಮ್ನೆ ಮೊಳೆ ಹೊಡೆದರೆ ಆ ಪಾತ್ರೆ ಅಲ್ಲೇ ಇರುತ್ತದೆ.