ಟಚ್ ಆಗಿದ್ದನ್ನ ಮಗ ತಾನೇ ಒಪ್ಕೊಂಡ, ಕೋಚ್ ಬೈದ್ರು. ಯಾರ್ ಸರಿ?

ಸಕ್ಕರೆಸೀಮೆ_ಅಮ್ಮ
ಎಲ್ರಿಗೂ ನಮಸ್ಕಾರ. ನಾವು ಮಂಡ್ಯದವ್ರು, ಮಗ ಎಂಟನೇ ಕ್ಲಾಸು, ಕಬಡ್ಡಿ ಹುಚ್ಚು, ಲೆಫ್ಟ್ ಕಾರ್ನರ್ ಆಡ್ತಾನೆ. ಹೋದ್ವಾರ ತಾಲ್ಲೂಕು ಮಟ್ಟದ ಫೈನಲ್ ಇತ್ತು, ಕೊನೇ ನಿಮಿಷದಲ್ಲಿ ನಮ್ ಹುಡುಗ್ರು ಒಂದ್ ಪಾಯಿಂಟ್ ಮುಂದೆ ಇದ್ರು. ಎದುರು ಟೀಮಿನ ರೈಡರ್ ಬಂದು ಕಾಲು ಬೀಸಿ ವಾಪಸ್ ಓಡಿದ, ಅಂಪೈರು ಏನೂ ಇಲ್ಲ ಅಂತ ಕೈ ಆಡಿಸ್ಬಿಟ್ರು, ಅಷ್ಟರಲ್ಲಿ ಇವನು ಕೈ ಎತ್ಕಂಡು "ಸರ್ ನಂಗೆ ತಗುಲ್ತು" ಅಂತ ತಾನಾಗೇ ಹೊರಗೆ ಹೋಗಿ ಕೂತ್ಕಂಡ. ಸ್ಕೋರು ಸಮ ಆಯ್ತು. ಆಮೇಲೆ ನಮ್ ರೈಡರ್ ಹೋಗಿ ಸಿಕ್ಕಾಕ್ಕಂಡ, ಒಂದ್ ಪಾಯಿಂಟಲ್ಲಿ ಸೋತ್ರು.

ಕೋಚ್ ಟೆಂಪೋದಲ್ಲಿ ವಾಪಸ್ ಬರೋವರ್ಗೂ ಒಂದ್ ಮಾತಾಡಿಲ್ವಂತೆ. ಇಳಿಯೋವಾಗ ಎಲ್ಲಾರ ಮುಂದೆ "ಸತ್ಯಹರಿಶ್ಚಂದ್ರ ಆಗ್ಬೇಕಿದ್ರೆ ನಾಟಕಕ್ಕೆ ಸೇರ್ಕೋ, ಕಬಡ್ಡಿಗೆ ಬರ್ಬೇಡ" ಅಂದವ್ರೆ. ಮಗ ನಾಲ್ಕು ದಿನದಿಂದ ಗ್ರೌಂಡಿಗೆ ಹೋಗಿಲ್ಲ, ಸರಿಯಾಗಿ ಊಟನೂ ಇಲ್ಲ. ನಮ್ಮೆಜಮಾನ್ರು ಕೋಚ್ ಹೇಳಿದ್ದೇ ಸರಿ ಅಂತಾರೆ, ಮಾವನೋರು ಮೊಮ್ಮಗ ಸತ್ಯವಂತ ಅಂತ ಬೀದಿಗೆಲ್ಲಾ ಹೇಳ್ಕಂಡ್ ಬರ್ತಾವ್ರೆ. ಆ ಕೋಚು ಕೆಟ್ಟೋರಲ್ಲ ಕಣ್ರಿ, ಹೋದ್ವರ್ಷ ಇವನಿಗೆ ಶೂ ತೆಗೆದುಕೊಟ್ಟಿದ್ದು ಅವ್ರೇ, ಅದೂ ಸ್ವಂತ ದುಡ್ಡಲ್ಲಿ. ಅದಕ್ಕೇ ಜಾಸ್ತಿ ಬೇಜಾರು. ನಾನು ಮಗನಿಗೆ ಏನಂತ ಹೇಳ್ಲಿ?

ಗಂಗೋತ್ರಿ_ಎಂಡ್
ಮೇಡಂ, ನಿಮ್ ಮಗನಿಗೆ ನಮ್ಮ ಮೈಸೂರಿನ ಕ್ರಿಕೆಟ್ ಬೌಲರ್ ಶ್ರೀನಾಥ್ ಕಥೆ ಹೇಳಿ. 1999 ಫೆಬ್ರವರಿ, ದೆಹಲಿ ಟೆಸ್ಟು, ಪಾಕಿಸ್ತಾನದ ಒಂಬತ್ತು ವಿಕೆಟ್ಟೂ ಕುಂಬ್ಳೆಗೇ ಬಿದ್ದಿತ್ತು. ಆ ಕಡೆಯಿಂದ ಬೌಲಿಂಗ್ ಶ್ರೀನಾಥ್‌ದು. ತನಗೆ ಹತ್ತನೇ ವಿಕೆಟ್ ಸಿಕ್ಬಿಡಬಾರ್ದು ಅಂತ ಆಫ್ ಸ್ಟಂಪಿಂದ ಆಚೆ ಆಚೆ ಹಾಕಿದ್ರು. ಆಮೇಲೆ ಕುಂಬ್ಳೆ ಅಕ್ರಂನ ಔಟ್ ಮಾಡಿ 74ಕ್ಕೆ 10. ಅದಾಗಿ ಎರಡು ವಾರದೊಳಗೆ ಕೋಲ್ಕತ್ತಾದಲ್ಲಿ ಇದೇ ಶ್ರೀನಾಥ್ ಒಂದೇ ಟೆಸ್ಟಲ್ಲಿ 13 ವಿಕೆಟ್ ತಗೊಂಡ್ರು, ಆ ಮ್ಯಾಚ್ ನಾವು ಸೋತ್ವಿ, ಹಂಗಾಗಿ ಅದು ಯಾರಿಗೂ ನೆನಪಿಲ್ಲ, ವಿಕೆಟ್ ಬೇಡ ಅಂದಿದ್ದು ಮಾತ್ರ ಎಲ್ಲಾರಿಗೂ ನೆನಪಿದೆ. ಎಸ್‌ಜೆಸಿಇಲಿ ಇಂಜಿನಿಯರಿಂಗ್ ಓದಿದ ಮನುಷ್ಯ, ರಿಟೈರ್ ಆದ್ಮೇಲೆ ಮ್ಯಾಚ್ ರೆಫ್ರಿ ಆದ್ರು. ಅಂಥಾ ಗುಣ ಇರೋರೇ ಅಂಥಾ ಕೆಲಸಕ್ಕೆ ಹೋಗೋದು.

ಬುಡು_ಗುರು
ಗುರು, ಶ್ರೀನಾಥ್ ಮೇಲೆ ನಂಗೂ ಗೌರವ ಐತೆ, ಆದ್ರೆ ವಸಿ ಲೆಕ್ಕ ನೋಡು. ಆ ಮ್ಯಾಚ್ ಇಂಡಿಯಾ ಗೆದ್ದಿದ್ದು 212 ರನ್ನಲ್ಲಿ. ಒಂದೇ ವಿಕೆಟ್ ಬಾಕಿ, ಇನ್ನೂರು ಚಿಲ್ರೆ ರನ್ ಕೈಲೈತೆ, ಅವಾಗ ನಾನಾದ್ರೂ ವೈಡ್ ಹಾಕ್ತೀನಿ. ಅದು ಗೆಳೆಯನಿಗೆ ಮಾಡಿದ ಉಪಕಾರ, ಟೀಮಿಗೇನೂ ನಷ್ಟ ಇರ್ಲಿಲ್ಲ. ಅಕ್ಕನ ಮಗ ಒಂದ್ ಪಾಯಿಂಟು ಕೈಲಿಟ್ಕಂಡು, ಅದನ್ನೂ ಕೊಟ್ಬುಟ್ಟು ಎದ್ದೋದ. ಎರಡೂ ಒಂದೇ ಅನ್ಬೇಡ. ನನ್ ಕೇಳಿದ್ರೆ ಹುಡುಗ ದೊಡ್ಡೋನು.

ಆದ್ರೂ ಫೈನಲ್ಲಲ್ಲಿ ನಾನಿದ್ದಿದ್ರೆ ಬಾಯ್ ಮುಚ್ಕಂಡು ಇರ್ತಿದ್ದೆ, ಸುಳ್ಯಾಕೇಳ್ಲಿ.

ಮಟ್ಟಿಮಣ್ಣು
ನಾನು ಮೈಸೂರಿನ ಗರಡಿಲಿ ಹನ್ನೆರಡು ವರ್ಷ ಸಾಮು ಮಾಡಿದವ್ನು, ಬೆಳಿಗ್ಗೆ ನಾಲ್ಕೂವರೆಗೆ ಮಟ್ಟಿಗೆ, ಅಂದ್ರೆ ಕುಸ್ತಿ ಆಡೋ ಮಣ್ಣಿನ ಅಖಾಡಕ್ಕೆ ಇಳಿದು, ಆರೂವರೆಗೆ ಮಾರ್ಕೆಟ್ಟಲ್ಲಿ ಮೂಟೆ ಹೊತ್ತು, ಹಂಗೆ ಬೆಳೆದಿದ್ದು. ನಮ್ದು ಮಣ್ಣಿನ ಕುಸ್ತಿ. ಕೆಮ್ಮಣ್ಣಿಗೆ ಅರಿಶಿನ ತುಪ್ಪ ಕರ್ಪೂರ ಎಲ್ಲ ಹಾಕಿ ಹದ ಮಾಡಿರ್ತಾರೆ, ಮುಟ್ಟಿದ್ರೆ ಅಂಟುತ್ತೆ. ಅದೇ ವಿಷಯ ಹೇಳ್ಬೇಕಿತ್ತು.

ಒಂದ್ಸಲ ಒಂದೂರಿನ ಜಾತ್ರೆ ಕುಸ್ತಿ, ಎದುರಿಗಿದ್ದೋನು ನನ್ನ ಎತ್ತಿ ಹಾಕ್ದ, ಎರಡೂ ಭುಜ ನೆಲಕ್ಕೆ ತಾಕ್ತು, ಅಂದ್ರೆ ಸೋತಂಗೇ ಲೆಕ್ಕ, ಒಂದು ಕ್ಷಣ ಅಷ್ಟೇ. ಸುತ್ತ ಜನ ತಮಟೆ ಧೂಳು, ತೀರ್ಪು ಹೇಳೋ ಪಂಚರಿಗೆ ಕಾಣ್ಲಿಲ್ಲ. ನಾನು ಹೊರಳಿ ಎದ್ದು, ಹತ್ತು ನಿಮಿಷ ಆದ್ಮೇಲೆ ಅವನನ್ನ ಚಿತ್ ಮಾಡ್ದೆ. ಪೇಟ ಕಟ್ಟಿದ್ರು, ದುಡ್ಡು ಕೊಟ್ರು, ಹೆಗಲ ಮೇಲೆ ಹೊತ್ಕಂಡ್ ಕುಣಿದ್ರು. ಗರಡಿಗೆ ಬಂದ್ರೆ ಉಸ್ತಾದ್ರು ಬೈಯ್ಲಿಲ್ಲ. ನನ್ನ ಬೆನ್ನು ತಿರುಗಿಸಿ ಕೈಯಿಂದ ಒಂದ್ಸಲ ಸವರಿ, ಆ ಕೈನ ನನ್ನ ಮುಖದ ಮುಂದೆ ಹಿಡಿದು "ಇದೇನ್ಲಾ?" ಅಂದ್ರು. ಅಷ್ಟೇ ಕೇಳಿದ್ದು. ನಾಳೆಯಿಂದ ಹದಿನೈದು ದಿನ ನೀನು ಮಟ್ಟಿ ಅಗಿ, ಕುಸ್ತಿ ಬೇಡ ಅಂದ್ರು. ಆ ದುಡ್ಡಲ್ಲಿ ಗರಡಿಗೆ ಅಂತ ಕೊಟ್ಟಿದ್ದನ್ನೂ ಮುಟ್ಲಿಲ್ಲ, ಹನುಮಂತನ ಪಟದ ಮುಂದೆ ಇಟ್ಟಿದ್ದು ಅಲ್ಲೇ ಇತ್ತು ಎಷ್ಟೋ ದಿನ.

ಉಸ್ತಾದ್ರು ದೇವರು ಅಂತ ತಿಳ್ಕೋಬೇಡಿ. ದಸರಾ ಕುಸ್ತಿಗೆ ಜೋಡಿ ಕಟ್ಟೋವಾಗ ನನ್ನ ತೂಕ ಎರಡು ಕೇಜಿ ಕಮ್ಮಿ ಹೇಳ್ತಿದ್ದವ್ರೂ ಅವ್ರೇ! ಮಟ್ಟಿ ಹೊರಗೆ ಏನ್ ಬೇಕಾದ್ರೂ ಆಟ ಆಡೋರು, ಮಟ್ಟಿ ಒಳಗೆ ಮಾತ್ರ ಬಿಡ್ತಿರ್ಲಿಲ್ಲ. ಕಬಡ್ಡಿ ಈಗ ಮ್ಯಾಟ್ ಮೇಲೆ, ಅಲ್ಲಿ ಬೆನ್ನಿಗೆ ಏನೂ ಅಂಟಲ್ಲ, ಹಂಗಿದ್ರೂ ನಿಮ್ ಹುಡುಗ ಒಪ್ಕೊಂಡ ನೋಡಿ.

ಪಿಟಿಮಾಸ್ಟ್ರು_ನಾನೂ
ಎಲ್ರೂ ಹುಡುಗನ ಕಡೆ ಇದೀರ, ಸರಿ, ನಾನು ಆ ಕೋಚ್ ಪರ ಒಂದೆರಡು ಮಾತಾಡ್ತೀನಿ, ಯಾಕಂದ್ರೆ ನಾನೂ ಅದೇ ಕೆಲಸದಲ್ಲಿ ಇರೋನು, ನಾನೂ ಹಿಂಗೇ ಬೈದು ರಾತ್ರಿ ನಿದ್ದೆ ಬರ್ದೆ ಎದ್ದು ಕೂತಿದೀನಿ.

ಹೋಬಳಿ ಗೆದ್ದು ತಾಲ್ಲೂಕಿಗೆ ಬರೋದ್ರೊಳಗೆ ಎರಡು ತಿಂಗಳು ಹೋಗಿರುತ್ತೆ. ಟೆಂಪೋ ಬಾಡಿಗೆ, ಹುಡುಗ್ರಿಗೆ ಚಿತ್ರಾನ್ನ, ಬ್ಯಾಂಡೇಜು, ಎಲ್ಲ ಜೇಬಿಂದ. ತಾಲ್ಲೂಕಲ್ಲಿ ಸೋತ್ರೆ ಜಿಲ್ಲೆ ಇಲ್ಲ, ವಿಭಾಗ ಇಲ್ಲ, ಆ ವರ್ಷ ಅಲ್ಲಿಗೇ ಮುಗೀತು. ಟೀಮಲ್ಲಿ ಒಬ್ಬ ಹುಡುಗ ಇರ್ತಾನೆ, ಅಪ್ಪ ಕಬ್ಬು ಕಡಿಯೋಕೆ ಹೋಗ್ತಿರ್ತಾನೆ, ಜಿಲ್ಲೆಲಿ ಯಾರಾದ್ರೂ ನೋಡಿ ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ತಗೊಂಡ್ರೆ ಅವನ ಊಟ ಓದು ಎರಡೂ ದಾರಿಗೆ ಬರುತ್ತೆ. ನಿಮ್ ಮಗ ಸತ್ಯ ಹೇಳ್ದ, ಅದರ ದುಡ್ಡು ಕಟ್ಟಿದ್ದು ಏಳೂ ಜನ. ಆ ಲೆಕ್ಕ ಕೋಚ್ ತಲೇಲಿ ಮಾತ್ರ ಓಡ್ತಿರುತ್ತೆ, ಮನೆಯವ್ರಿಗೆ ಕಾಣಲ್ಲ.

ಇನ್ನು ಕೋಚ್‌ಗಳನ್ನ ಯಾರು ನೋಡ್ತಾರೆ ಸ್ವಾಮಿ. ನಮ್ಮ ಕರ್ನಾಟಕದ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್‌ಗೆ, ಹತ್ತನೇ ಸೀಸನ್ನಲ್ಲಿ ಪುಣೆಗೆ ಪ್ರೊ ಕಬಡ್ಡಿ ಕಪ್ ಗೆಲ್ಲಿಸಿದ್ರು, ನಮ್ಮೂರಲ್ಲಿ ಹೋಗಿ ಕೇಳಿ, ರೈಡರ್‌ಗಳ ಹೆಸರು ಮಾತ್ರ ಹೇಳ್ತಾರೆ. ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ 2025ರ ಖೋ ಖೋ ವರ್ಲ್ಡ್ ಕಪ್ ಗೆದ್ದ ಟೀಮಲ್ಲಿದ್ಲು, ಅವಳಿಗೆ ಊರಲ್ಲಿ ಕಲಿಸಿದವ್ರನ್ನ ಎಷ್ಟು ಜನ ಕೇಳಿದ್ರು? 2018ರಲ್ಲಿ ಅಂಡರ್ 19 ವರ್ಲ್ಡ್ ಕಪ್ ಗೆದ್ದಾಗ ಕೋಚ್ ದ್ರಾವಿಡ್‌ಗೆ 50 ಲಕ್ಷ, ಉಳಿದ ಸ್ಟಾಫಿಗೆ 20 ಲಕ್ಷ ಅಂತ ಘೋಷಣೆ ಆಯ್ತು, ದ್ರಾವಿಡ್ ಎಲ್ರಿಗೂ ಒಂದೇ ಕೊಡಿ ಅಂದು ಕೊನೆಗೆ ತಾನೂ 25, ಅವ್ರಿಗೂ 25 ಆಯ್ತು. ಪ್ರಾಕ್ಟೀಸ್‌ಗೆ ಬಾಲ್ ಎಸೆದು ಎಸೆದು ಥ್ರೋಡೌನ್ ಹಾಕೋನ ಕೈ ನೋವು ಪಕ್ಕದಲ್ಲಿ ನಿಂತೋನಿಗೆ ಮಾತ್ರ ಗೊತ್ತಿರುತ್ತೆ.

ಇಷ್ಟೆಲ್ಲ ಹೇಳಿದ್ಮೇಲೂ, ಎಲ್ಲಾರ ಮುಂದೆ ಹರಿಶ್ಚಂದ್ರ ಅಂದಿದ್ದು ತಪ್ಪೇ. ಸೋತ ಸಂಕಟನ ಹನ್ನೆರಡು ಹದಿಮೂರು ವರ್ಷದ ಹುಡುಗನ ತಲೆ ಮೇಲೆ ಇಳಿಸ್ಬಾರ್ದಿತ್ತು. ನೀವು ಜಗಳಕ್ಕೆ ಹೋಗ್ಬೇಡಿ, ಒಂದ್ ಭಾನುವಾರ ಮನೆಗೆ ಕಾಫಿಗೆ ಕರೀರಿ. ಬರ್ತಾರೆ, ನೋಡ್ತಿರಿ.

ಬುಡು_ಗುರು
ಮಾಸ್ಟ್ರೇ ನೀವು ಅದೇ ಕೋಚ್ ಅಲ್ಲ ತಾನೇ? 😄

ಪಿಟಿಮಾಸ್ಟ್ರು_ನಾನೂ
ಅಲ್ಲಪ್ಪಾ. ನನ್ ಟೀಮು ಹೋಬಳಿಲೇ ಸೋತಿದೆ.

ಸಕ್ಕರೆಸೀಮೆ_ಅಮ್ಮ
ಕರೆಯೋ ಮುಂಚೆನೇ ಬಂದ್ರು! ಇವತ್ತು ಬೆಳಿಗ್ಗೆ ಟಿವಿಎಸ್ ನಿಲ್ಸಿ ಒಳಗೆ ಬಂದು ಕೂತ್ರು. ಸಾರಿ ಗೀರಿ ಏನೂ ಅನ್ಲಿಲ್ಲ. ಮಗನ್ನ ಕರೆದು ನಡುಮನೆಲೇ ನಿಲ್ಸಿ, "ಅವತ್ತು ನಿನ್ನ ಬಲಗಾಲು ಅಷ್ಟು ಮುಂದೆ ಯಾಕಿತ್ತು? ಹಿಂದೆ ಇದ್ದಿದ್ರೆ ತಗಲ್ತಾನೇ ಇರ್ಲಿಲ್ಲ, ಆಮೇಲೆ ನಿಜ ಹೇಳೋ ಪ್ರಮೇಯನೇ ಬರ್ತಿರ್ಲಿಲ್ಲ" ಅಂತ ಕಾಲಿಡೋದು ಹೆಂಗೆ ಅಂತ ತೋರಿಸ್ಕೊಟ್ರು, ಟೀಪಾಯಿ ಪಕ್ಕಕ್ಕೆ ಸರಿಸಿ. ಇವನೂ ಹತ್ತು ಸಲ ಮಾಡ್ದ. ಹೋಗೋವಾಗ ನಾಳೆ ಐದೂವರೆಗೆ ಬಾ ಅಂದ್ರು, ಹೂಂ ಅಂದವ್ನೆ, ಈಗ ಶೂ ತೊಳ್ಕೊಂಡು ಕೂತವ್ನೆ. ಮಾವನೋರು ಮಾತ್ರ ಅವ್ರು ಕಾಫಿ ಕುಡಿದು ಏಳೋವರ್ಗೂ ಮುಖ ಕೊಟ್ಟು ಮಾತಾಡ್ಲಿಲ್ಲ, ಪೇಪರ್ ಅಡ್ಡ ಇಟ್ಕಂಡೇ ಕೂತಿದ್ರು.