ಪಿಟೀಲು ಜಾರುತ್ತಿದ್ದರೆ ಇನ್ನೂ ಬಿಗಿಯಾಗಿ ಹಿಡಿಯಬೇಕಾ?

ಹರಿಹರದ ಅಮ್ಮ:
ನನ್ನ ಮಗಳಿಗೆ 11 ವರ್ಷ. ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಾಳೆ. ಸರಳೆ, ಜಂಟಿ, ಅಲಂಕಾರ ಅಂತ ಮೊದಲ ಪಾಠಗಳೆಲ್ಲ ತೊಂದರೆ ಇಲ್ಲದೆ ಮುಗಿಯಿತು. ಈಗ ಅದರ ಮುಂದಿನ ಹಂತದ ರಚನೆ, ವರ್ಣ ಶುರುವಾಗಿದೆ, ನೆಲದ ಮೇಲೆ ಕೂತು ನುಡಿಸುತ್ತಾ ಎಡಗೈ ತಾರಸ್ಥಾಯಿಗೆ (ಮೇಲಿನ ಸ್ವರಗಳಿಗೆ) ಹೋಗಿ ವಾಪಸ್ ಬರುವಾಗ ಪಿಟೀಲು ಪಾದದ ಮೇಲಿಂದ ಜಾರಿಬಿಡುತ್ತದೆ. ಬೇಸಿಗೆಯಲ್ಲಿ ಕೈ ಬೆವರಿದರಂತೂ ಕೇಳಲೇಬೇಡಿ. "ಗಟ್ಟಿಯಾಗಿ ಹಿಡ್ಕೋ ಪುಟ್ಟಿ" ಅಂತ ದಿನಾ ಹೇಳುತ್ತೇನೆ. ಭುಜಕ್ಕೆ ಹಾಕುವ ಶೋಲ್ಡರ್ ರೆಸ್ಟ್ ಕೊಡಿಸಲಾ? ಕೈಗೆ ಪೌಡರ್ ಹಚ್ಚಲಾ?

ಕಮಾನು_ಮೈಸೂರು:
ಅಕ್ಕ, "ಗಟ್ಟಿಯಾಗಿ ಹಿಡ್ಕೋ" ಅನ್ನುವುದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ನನಗೂ ಚಿಕ್ಕವನಿದ್ದಾಗ ಹಾಗೇ ಹೇಳಿಕೊಟ್ಟಿದ್ದರು, ಪಿಟೀಲಿನ ಕತ್ತನ್ನು ಹೆಬ್ಬೆರಳು ತೋರುಬೆರಳಲ್ಲಿ ಅದುಮಿ ಹಿಡಿದು ಹಿಡಿದು ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಗಿ, ಕೊನೆಗೆ ನಾಲ್ಕು ತಿಂಗಳು ವಾದ್ಯ ಮುಟ್ಟುವ ಹಾಗೇ ಇರಲಿಲ್ಲ. ನಮ್ಮ ಪದ್ಧತಿಯಲ್ಲಿ ಎಡಗೈ ಹಿಡಿಯುವ ಕೈ ಅಲ್ಲ, ಓಡಾಡುವ ಕೈ. ಅದು ಹಿಡಿದುಕೊಂಡು ಕೂತರೆ ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಸರಿಸುವ ಜಾರು ಎಲ್ಲಿಂದ ಬರಬೇಕು, ಸ್ವರವನ್ನು ತೂಗುವ ಗಮಕ ಎಲ್ಲಿಂದ ಬರಬೇಕು? ಪಿಟೀಲು ನಿಲ್ಲಬೇಕಾದ್ದು ಎರಡು ಕಡೆ. ಸುರುಳಿ ಇರುವ ತುದಿ ಬಲಗಾಲಿನ ಪಾದದ ಮೇಲೆ, ಇನ್ನೊಂದು ತುದಿ ಎಡ ಎದೆ–ಭುಜದ ಹತ್ತಿರ. ಇವೆರಡರ ನಡುವೆ ಅದು ಸಿಕ್ಕಿಕೊಂಡು ನಿಂತಿರಬೇಕು. ಒಂದು ಪರೀಕ್ಷೆ ಮಾಡಿ: ಎಡಗೈ ಪೂರ್ತಿ ತೆಗೆದು ಬರೀ ತಂತಿ ಮೇಲೆ ಕಮಾನು ಎಳೆಯಲಿ. ಆಗಲೂ ಜಾರಿದರೆ ತಪ್ಪು ಕೈಯದ್ದಲ್ಲ, ಕೂರುವುದರದ್ದು.

ಹಳೇ ಶಿಷ್ಯ:
ಇದಕ್ಕೆ ನನ್ನದು ಪೂರ್ತಿ ಒಪ್ಪಿಗೆ. ಆದರೆ ಶೋಲ್ಡರ್ ರೆಸ್ಟ್, ರಬ್ಬರು, ಅಂಟು ಇವೆಲ್ಲ ಬೇಡವೇ ಬೇಡ. ಮಗುವಿಗೆ ಒಂದು ಸಲ ಅಭ್ಯಾಸ ಆದರೆ ಮುಗಿಯಿತು, ಅದಿಲ್ಲದೆ ಕೂರುವುದಕ್ಕೇ ಆಗುವುದಿಲ್ಲ. ನಮ್ಮ ಹಿರಿಯರು ಬರೀ ಪಂಚೆಯ ಮಡಿಕೆ ಮೇಲೆ ಇಟ್ಟುಕೊಂಡು ಮೂರು ನಾಲ್ಕು ಗಂಟೆ ಕಛೇರಿ ನುಡಿಸಿದ್ದಾರೆ. ಬೇಕಾದ್ದು ಸಾಧನೆ.

ಬಿರಡೆ:
ಹಳೇ ಶಿಷ್ಯ ಅವರೇ, ಸಾಧನೆ ಬೇಕು, ಸರಿ. ಆದರೆ "ನಮ್ಮ ಹಿರಿಯರು" ಅಂತ ಹೇಳಿ ಬಾಗಿಲು ಹಾಕಬೇಡಿ. ಈ ವಾದ್ಯವೇ ಹೊರಗಿಂದ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ತಂದರು, ಆಮೇಲೆ ನೆಲದ ಮೇಲೆ ಕೂತು ನುಡಿಸಲು ಒಗ್ಗುವ ಹಾಗೆ ಹಿಡಿತವೇ ಬದಲಾಯಿತು. ಯುರೋಪಿನಲ್ಲೂ ಗಲ್ಲದ ಕೆಳಗಿನ ಆ ಮರದ ತುಂಡು ಮೊದಲಿಂದ ಇರಲಿಲ್ಲ. ಜರ್ಮನಿಯ ಪಿಟೀಲುವಾದಕ ಲೂಯಿ ಶ್ಪೋರ್ ಅದನ್ನು ಮಾಡಿದ್ದು 1820ರ ಸುಮಾರಿಗೆ. ನಮ್ಮ ಮೈಸೂರಿನ ಪಿಟೀಲು ವಿದ್ವಾನ್ ಚೌಡಯ್ಯನವರನ್ನೇ ನೋಡಿ, ಪಿಟೀಲಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ, ಮೈಕ್ ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಬೇಕು ಅಂತ ಏಳು ತಂತಿ ಹಾಕಿಸಿಕೊಂಡರು. ಅಗತ್ಯ ಬಂದಾಗ ವಾದ್ಯವನ್ನೇ ಬದಲಿಸಿದ ಊರಿನವರು ನಾವು, ಒಂದು ತುಂಡು ಬಟ್ಟೆಗೆ ಯಾಕೆ ಹೆದರಬೇಕು?

ಶೋಲ್ಡರ್ ರೆಸ್ಟ್ ಮಾತ್ರ ನಾನೂ ಬೇಡ ಅನ್ನುತ್ತೇನೆ, ಬೇರೆ ಕಾರಣಕ್ಕೆ. ಅದು ಮಾಡಿರುವುದು ಸುರುಳಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ನುಡಿಸುವವರಿಗೆ. ನಮ್ಮ ಹಾಗೆ ಕೆಳಗೆ ಇಳಿಸಿ ಕೂತರೆ ಕೋನವೇ ತಪ್ಪುತ್ತದೆ.

ಕೊಳಲು_ಧಾರವಾಡ:
ನಾನು ಕೊಳಲಿನವನು, ಆದರೂ ಒಂದು ಮಾತು. ನಮಗೂ ಇದೇ ಗೋಳು. ಬೆರಳೆಲ್ಲ ಎತ್ತುವ ಸ್ವರ ಬಂದಾಗ ಬಿದಿರು ತುಟಿಯ ಮೇಲೆ ಉರುಳುತ್ತದೆ. ಕೆಳತುಟಿ, ಎಡ ತೋರುಬೆರಳಿನ ಬುಡ, ಬಲ ಹೆಬ್ಬೆರಳು, ಇಷ್ಟರಲ್ಲೇ ಅದು ನಿಲ್ಲಬೇಕು. ನಾನು ತೋರುಬೆರಳು ತಾಗುವ ಜಾಗದಲ್ಲಿ ನಾಲ್ಕು ಸುತ್ತು ಹತ್ತಿ ದಾರ ಸುತ್ತಿದ್ದೇನೆ. ಬೆವರು ಹೀರಿಕೊಳ್ಳುತ್ತದೆ, ಜಾರುವುದು ನಿಂತಿದೆ. ಪೌಡರ್ ಹಾಕಿ ನೋಡಿದ್ದೆ, ಹತ್ತು ನಿಮಿಷಕ್ಕೆ ಬೆವರಿನ ಜೊತೆ ಸೇರಿ ಹಿಟ್ಟಿನ ಹಾಗಾಯಿತು.

ಕಮಾನು_ಮೈಸೂರು:
ಪೌಡರಿನ ವಿಷಯ ನಿಜ. ಒಂದು ಹತ್ತಿ ಕರ್ಚೀಫು ತೊಡೆ ಮೇಲೆ ಇಟ್ಟುಕೊಂಡು ಪ್ರತಿ ಕೃತಿ ಆದ ಮೇಲೆ ಕೈ ಮತ್ತು ಪಿಟೀಲಿನ ಕತ್ತು ಒರೆಸಿದರೆ ಸಾಕು. ವೀಣೆಯವರು ಬೆರಳು ಸರಾಗವಾಗಿ ಜಾರಲಿ ಅಂತಲೇ ಪಕ್ಕದಲ್ಲಿ ಎಣ್ಣೆ ಇಟ್ಟುಕೊಳ್ಳುತ್ತಾರೆ ಅಲ್ವಾ? ಬೆರಳು ಜಾರಲಿ, ವಾದ್ಯ ಜಾರದಿರಲಿ. ನಾವು ಇವೆರಡನ್ನೂ ಸೇರಿಸಿ ಗೊಂದಲ ಮಾಡಿಕೊಳ್ಳುತ್ತೇವೆ.

ಮೃದಂಗ ಮನೆ:
ನಾವು ಮೃದಂಗದ ಕೆಳಗೆ ಬಟ್ಟೆ ಸುತ್ತಿ ಮಾಡಿದ ಬಳೆಯಂಥ ಸಿಂಬಿ ಇಡುತ್ತೇವೆ, ಯಾರೂ ಅದನ್ನು ತಪ್ಪು ಅನ್ನುವುದಿಲ್ಲ. ಪಿಟೀಲಿನ ಸುರುಳಿ ಕೆಳಗೆ ಅಂಥದ್ದೇ ಯಾಕೆ ಇಡಬಾರದು? ಇನ್ನೊಂದು: ಮಗು ಏನು ಹಾಕಿಕೊಂಡು ಕೂರುತ್ತದೆ ನೋಡಿ. ರೇಷ್ಮೆ ಲಂಗದ ಮೇಲೆ ಯಾವ ವಾದ್ಯವೂ ನಿಲ್ಲುವುದಿಲ್ಲ.

ಹಳೇ ಶಿಷ್ಯ:
ಸಿಂಬಿಯ ಮಾತು ಒಪ್ಪಿದೆ. ನಾನು ಹೆದರಿದ್ದು ಅಂಟಿಗೆ, ರಬ್ಬರಿಗೆ. ಬಟ್ಟೆಯಾದರೆ ನನ್ನ ತಕರಾರಿಲ್ಲ.

ಬಿರಡೆ:
ರಬ್ಬರು, ಸ್ಪಂಜು ಇಡುವುದಾದರೆ ವಾದ್ಯಕ್ಕೆ ಅಂಟಿಸಬೇಡಿ, ಹಾಗೇ ಬಿಟ್ಟು ಪೆಟ್ಟಿಗೆಯಲ್ಲಿಯೂ ಇಡಬೇಡಿ. ಕೆಲವು ರಬ್ಬರು ವಾರ್ನಿಷ್‌ಗೆ ಹಿಡಿದುಕೊಂಡು ಕಲೆ ಮಾಡುತ್ತದೆ. ಹತ್ತಿ ಬಟ್ಟೆ ಅಥವಾ ಮೆತ್ತನೆ ಚರ್ಮದ ತುಂಡು ಒಳ್ಳೆಯದು. ಹಾಗೇ ಪಿಟೀಲಿನ ಅಳತೆಯನ್ನೂ ಒಮ್ಮೆ ನೋಡಿಸಿ. 11 ವರ್ಷದ ಮಗುವಿಗೆ ಪೂರ್ತಿ ಅಳತೆಯದು ಕೊಟ್ಟಿದ್ದರೆ ಕಾಲು ಅಷ್ಟು ದೂರ ಚಾಚಬೇಕಾಗುತ್ತದೆ, ಆಗ ಯಾವ ಬಟ್ಟೆ ಇಟ್ಟರೂ ಜಾರುತ್ತದೆ.

ಹರಿಹರದ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಡಗೈ ತೆಗೆದು ನುಡಿಸುವ ಪರೀಕ್ಷೆ ಇವತ್ತು ಸಂಜೆ ಮಾಡಿದೆವು. ಮೂರು ಎಳೆತಕ್ಕೇ ಸುರುಳಿ ಕೆಳಗಿಳಿಯಿತು. ನೋಡಿದರೆ ಅವಳ ಬಲಪಾದ ಒಳಗೆ ಮಡಚಿಕೊಂಡಿತ್ತು, ಪಿಟೀಲಿಗೆ ಆಧಾರವೇ ಇರಲಿಲ್ಲ. ಪಾದ ಒಂದು ಗೇಣು ಮುಂದೆ ತಂದು, ಹಳೇ ಹತ್ತಿ ಟವೆಲ್ ಮಡಿಸಿ ಇಟ್ಟೆವು. ಪಿಟೀಲು ಪೂರ್ತಿ ಅಳತೆಯದೇ, ಅಕ್ಕನ ಮಗನದ್ದು. ಮುಕ್ಕಾಲು ಅಳತೆಯದು ಬಾಡಿಗೆಗೆ ಸಿಗುತ್ತದಾ ಅಂತ ನಾಳೆ ವಿಚಾರಿಸುತ್ತೇನೆ. ವರ್ಣ ಒಂದನೇ ಕಾಲದಲ್ಲಿ (ನಿಧಾನ ಗತಿಯಲ್ಲಿ) ಜಾರದೆ ಮುಗಿಸಿದಳು. ಅದರ ಎರಡರಷ್ಟು ವೇಗದ ಎರಡನೇ ಕಾಲದಲ್ಲಿ ಒಂದು ಸಲ ಜಾರಿತು, ಆದರೆ ನಾನು ಏನೂ ಹೇಳಲಿಲ್ಲ, ಅವಳೇ ಪಾದ ಸರಿ ಮಾಡಿಕೊಂಡು ಮುಂದುವರಿಸಿದಳು.