ಮಗುವಿನ ಸ್ಟೆಂಟ್ ತೆಗೆಸುವ ಬಗ್ಗೆ

ಮಗಳೇ, ಬೆಂಗಳೂರಿನಲ್ಲಿ ಕಿಡ್ನಿ ಆಪರೇಷನ್ ಆದಾಗ ಮಗುವಿನ ಒಳಗೆ ಇಟ್ಟ ಡಿಜೆ ಸ್ಟೆಂಟನ್ನು, ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಇಳಿಸುವ ಸಣ್ಣ ಕೊಳವೆಯನ್ನು, ಮೂತ್ರದ್ವಾರದಿಂದ ದುರ್ಬೀನು ಹಾಕದೆ ಇಲ್ಲೇ ಶಿರಾದಲ್ಲೋ ತುಮಕೂರಿನಲ್ಲೋ ತೆಗೆಸಬಹುದೇ, ಮೂರು ವರ್ಷದ ಕೂಸಿಗೆ ಮತ್ತೆ ಅರಿವಳಿಕೆ ಕೊಡಿಸಲು ಮನಸ್ಸು ಒಪ್ಪುತ್ತಿಲ್ಲ ಎಂದು ನೀನು ನಿನ್ನೆ ರಾತ್ರಿ ಕೇಳಿದ್ದೆ. ಆಪರೇಷನ್ ಥಿಯೇಟರಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು ನಾನು, ತಿಳಿದಷ್ಟನ್ನು ಹೇಳುತ್ತೇನೆ.

ದುರ್ಬೀನಿಲ್ಲದೆ ತೆಗೆಯಬಹುದು, ಆದರೆ ಅದರ ಏರ್ಪಾಡು ಸ್ಟೆಂಟ್ ಹಾಕಿದ ದಿನವೇ ಆಗಿರಬೇಕು. ಕೆಲವರು ಸ್ಟೆಂಟಿನ ಕೆಳತುದಿಗೆ ದಾರ ಕಟ್ಟಿ, ಅದನ್ನು ಮೂತ್ರದ್ವಾರದಿಂದ ಹೊರಗೆ ತಂದು ಪ್ಲಾಸ್ಟರಿನಿಂದ ತೊಡೆಗೆ ಅಂಟಿಸಿರುತ್ತಾರೆ. ಹೀಗೆ ದಾರವಿದ್ದ ಒಬ್ಬ ಪುಟ್ಟ ಹುಡುಗಿಯನ್ನು ತಾಯಿಯ ಮಡಿಲಲ್ಲೇ ಮಲಗಿಸಿ, ಪ್ಲಾಸ್ಟರಿಗೆ ಎಣ್ಣೆ ಸವರಿ ಬಿಡಿಸಿ, ಡಾಕ್ಟರು ದಾರವನ್ನು ಒಂದೇ ಸಮನೆ ಎಳೆದರು. ಎರಡೂ ತುದಿ ಸುರುಳಿಯಾದ, ಶಾವಿಗೆ ಎಳೆಯಂತಹ ನೀಲಿ ಕೊಳವೆ ಹೊರಬಂತು. ಮಗು ಹೆಚ್ಚು ಅತ್ತದ್ದು ಪ್ಲಾಸ್ಟರ್ ಬಿಡಿಸುವಾಗಲೇ. ಇನ್ನು ಕೆಲವು ಸ್ಟೆಂಟುಗಳ ತುದಿಯಲ್ಲಿ ಅಯಸ್ಕಾಂತವಿರುತ್ತದೆ. ಅಯಸ್ಕಾಂತವಿರುವ ಕ್ಯಾತಿಟರನ್ನು (ಮೂತ್ರದ ನಳಿಕೆಯನ್ನು) ಮೂತ್ರಕೋಶಕ್ಕೆ ಇಳಿಸಿದರೆ ಎರಡೂ ಕಚ್ಚಿಕೊಂಡು ಬರುತ್ತವೆ. ಕೊಳವೆಯನ್ನು ಪಕ್ಕೆಯಿಂದ ಹೊರಗೆ ತಂದಿದ್ದರಂತೂ ಡ್ರೆಸಿಂಗ್ ಕೋಣೆಯಲ್ಲೇ ತೆಗೆಯುತ್ತಾರೆ.

ಇವು ಯಾವುವೂ ಇಲ್ಲದೆ ಸ್ಟೆಂಟ್ ಪೂರ್ತಿ ಒಳಗಿದ್ದರೆ, ಕಣ್ಣಿಗೆ ಕಾಣದೆ ಕೊಕ್ಕೆ ಹಾಕಿ ಎಳೆಯುವ ವಿಧಾನವೂ ಉಂಟು. ಹೆಣ್ಣುಮಕ್ಕಳ ಮೂತ್ರದ ದಾರಿ ಗಿಡ್ಡವಾದ್ದರಿಂದ ಪಳಗಿದ ಕೈಗೆ ಅದು ಸಾಧ್ಯವಾದೀತು. ನಿನ್ನ ಮಗನಿಗೆ ಮಾತ್ರ ನಾನು ಒಪ್ಪುವುದಿಲ್ಲ. ಗಂಡುಮಗುವಿನ ದಾರಿ ಉದ್ದ, ಕಿರಿದು, ಅಲ್ಲಿ ಗಾಯವಾಗಿ ಮಾಯ್ದರೆ ಮುಂದೆ ಮೂತ್ರ ಕಟ್ಟಬಹುದು. ಅದಕ್ಕಿಂತ ದುರ್ಬೀನು ಹಾಕಿ ತೆಗೆಯುವ ಕೆಲವೇ ನಿಮಿಷಗಳ ಸ್ಕೋಪಿ ಮೇಲು, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ.

ನನ್ನ ಭಯ ಅರಿವಳಿಕೆಯದಲ್ಲ, ತಡವಾಗುವುದರದು. ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ತೆಗೆಸಲು ಹೇಳುತ್ತಾರೆ. ಹೆದರಿ ತಿಂಗಳುಗಟ್ಟಲೆ ಮುಂದೂಡಿದರೆ ಕೊಳವೆಯ ಮೇಲೆ ಮೂತ್ರದ ಲವಣ ಕಲ್ಲಾಗಿ ಕಟ್ಟಿ, ಸುಲಭವಾಗಿ ಬರಬೇಕಾದದ್ದಕ್ಕೆ ಇನ್ನೊಂದು ದೊಡ್ಡ ಆಪರೇಷನ್ ಬೇಕಾದೀತು. ನಡುವೆ ಚಳಿಜ್ವರ ಬಂದರೆ, ಮೂತ್ರ ನಿಂತರೆ, ತಾರೀಖಿಗೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಈಗ ಡಿಸ್ಚಾರ್ಜ್ ಸಮ್ಮರಿಯ ಫೋಟೋ ನನಗೊಬ್ಬಳಿಗೇ ಕಳಿಸು. ದಾರದ ಅಥವಾ ಅಯಸ್ಕಾಂತದ ಮಾತಿದ್ದರೆ ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ ತುಮಕೂರಿನಲ್ಲಿ ತೆಗೆಸೋಣ. ಇಲ್ಲವಾದರೆ ಬೆಂಗಳೂರಿಗೆ ನಾನೇ ನಿನ್ನ ಜೊತೆ ಬರುತ್ತೇನೆ; ನೀನು ತುಮಕೂರಿನಲ್ಲಿ ಇಳಿ, ಮುಂದಿನ ಬಸ್ಸು ಒಟ್ಟಿಗೆ ಹತ್ತೋಣ.